ಕಲೆ ಮತ್ತು ತೋಟಗಾರಿಕೆಯ ಆಡಿಯೋ ಪುಸ್ತಕಗಳನ್ನು ಕೇಳುವ ಕ್ರಮ

ಕಲೆ, ಸಂಸ್ಕೃತಿ, ತೋಟಗಾರಿಕೆ ಮೊದಲಾದ ವಿಷಯಗಳನ್ನು ಕುರಿತ ಇಂಗ್ಲಿಷ್ ಗ್ರಂಥಗಳನ್ನು ಕಿವಿಯಿಂದಲೇ ಓದಿ ಮುಗಿಸುವ ಅಭ್ಯಾಸವು ಈಚೆಗೆ ನಮ್ಮವರಲ್ಲಿ ಹಬ್ಬುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಹೀಗೆ ಕೇಳಿದವರನ್ನು ತಿಂಗಳೊಪ್ಪತ್ತಿನ ತರುವಾಯ, ಆ ಗ್ರಂಥದಲ್ಲಿ ವರ್ಣಿತವಾದ ಒಂದು ಚಿತ್ರವನ್ನೋ ಒಂದು ಹೂವನ್ನೋ ಕುರಿತು ವಿಚಾರಿಸಿದರೆ, ‘ಬಹಳ ಚೆನ್ನಾಗಿತ್ತು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ವಿರಳ. ಕಾದಂಬರಿಯನ್ನು ಕೇಳುವ ರೀತಿಯಲ್ಲಿಯೇ ಕಲಾವಿಮರ್ಶೆಯನ್ನೂ ಕೇಳಿದುದರ ಫಲವಿದು. ಆಪ್ ಇಳಿಸಿಕೊಳ್ಳುವುದು, ಹಣ ಪಾವತಿ ಮಾಡುವುದು ಇವೆಲ್ಲ ಎಲ್ಲರೂ ಬಲ್ಲ ವಿಷಯಗಳಾದುದರಿಂದ, ನೇರವಾಗಿ ಗ್ರಂಥದ ಆಯ್ಕೆಗೆ ಬರುತ್ತೇನೆ.

ಕೊಳ್ಳುವ ಮುನ್ನ ಮಾದರಿಗೆಂದು ಕೊಟ್ಟಿರುವ ಭಾಗವನ್ನು ಕೇಳಿ, ಲೇಖಕನು ವಸ್ತುವನ್ನು ಮಾತಿನಿಂದ ಕಟ್ಟಿಕೊಡುತ್ತಿದ್ದಾನೆಯೋ ಅಥವಾ ಪಕ್ಕದ ಪುಟದಲ್ಲಿರುವ ಚಿತ್ರದತ್ತ ಕೈತೋರಿಸಿ ಮುಂದೆ ಸಾಗುತ್ತಿದ್ದಾನೆಯೋ ಎಂಬುದನ್ನು ಮುಖ್ಯವಾಗಿ ಗಮನಿಸಿರಿ. ಗೋಂಬ್ರಿಕ್ ಅವರ ‘ದಿ ಸ್ಟೋರಿ ಆಫ್ ಆರ್ಟ್’ (1950) ಎಂಬ ಪ್ರಸಿದ್ಧ ಗ್ರಂಥವು, ಪುಸ್ತಕದಲ್ಲಿ ಮುದ್ರಿಸಿ ತೋರಿಸಬಲ್ಲ ಕೃತಿಗಳನ್ನೇ ಕುರಿತು ಬರೆಯತಕ್ಕದ್ದೆಂಬ ನಿಯಮವನ್ನು ತನಗೆ ತಾನೇ ವಿಧಿಸಿಕೊಂಡು ರಚಿತವಾದುದು. ಅಂತಹ ಗ್ರಂಥ ಎಷ್ಟೇ ಶ್ರೇಷ್ಠವಾದರೂ ಅದನ್ನು ಪುಟ ತಿರುವಿಯೇ ಓದಬೇಕು. ಇದಕ್ಕೆ ಪ್ರತಿಯಾಗಿ, ಬ್ರಿಟಿಷ್ ಮ್ಯೂಸಿಯಮ್ಮಿನ ನಿರ್ದೇಶಕರಾಗಿದ್ದ ನೀಲ್ ಮ್ಯಾಕ್‌ಗ್ರೆಗರ್ ಅವರು 2010ರಲ್ಲಿ ಬಿಬಿಸಿ ರೇಡಿಯೋಗಾಗಿ ಸಿದ್ಧಪಡಿಸಿದ ‘ಎ ಹಿಸ್ಟರಿ ಆಫ್ ದಿ ವರ್ಲ್ಡ್ ಇನ್ 100 ಆಬ್ಜೆಕ್ಟ್ಸ್’ ಎಂಬ ಮಾಲಿಕೆ, ವಸ್ತು ಕಣ್ಣೆದುರಿಗಿಲ್ಲದ ಶ್ರೋತೃವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹೊಸಬರು ಇದರಿಂದಲೇ ಆರಂಭಿಸುವುದು ಲೇಸೆಂದು ನನ್ನ ಅಭಿಪ್ರಾಯ. ಸಂಕ್ಷಿಪ್ತ ಆವೃತ್ತಿಗಳನ್ನು ಕೊಳ್ಳಬೇಡಿರಿ; ಸಂಕ್ಷೇಪಿಸುವಾಗ ಕತ್ತರಿ ಬೀಳುವುದು ಸಾಮಾನ್ಯವಾಗಿ ವರ್ಣನೆಯ ಮೇಲೆಯೇ.

ದುಡ್ಡು ಕೊಡಲು ಮನಸ್ಸಿಲ್ಲದವರಿಗೆ 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್ ಇದೆ. ಹಕ್ಕುಸ್ವಾಮ್ಯ ಮುಗಿದ ಗ್ರಂಥಗಳನ್ನು ಸ್ವಯಂಸೇವಕರು ಓದಿ ಅಲ್ಲಿ ಉಚಿತವಾಗಿ ಒದಗಿಸಿದ್ದಾರೆ. ಇಟಲಿಯ ಕಲಾವಿದರನ್ನು ಕುರಿತ ವಸಾರಿಯ ಚರಿತ್ರೆಗಳೂ ಅಲ್ಲಿ ದೊರೆಯುತ್ತವೆ. ಒಂದೇ ಗ್ರಂಥದ ಅಧ್ಯಾಯಗಳನ್ನು ಹಲವರು ಹಂಚಿಕೊಂಡು ಓದಿರುವುದುಂಟಾದ್ದರಿಂದ, ಒಬ್ಬರೇ ಆದ್ಯಂತವಾಗಿ ಓದಿದ್ದನ್ನು ಹುಡುಕಿಕೊಳ್ಳಿರಿ. ಈ ಗ್ರಂಥಗಳ ಮೂಲಪಾಠ ಬಹುಮಟ್ಟಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗಿನಲ್ಲಿ ಸಿಕ್ಕುವುದರಿಂದ, ಕಿವಿಗೆ ತಪ್ಪಾಗಿ ಬಿದ್ದ ಕಲಾವಿದರ ಹೆಸರುಗಳನ್ನು ಅಲ್ಲಿ ತಿದ್ದಿಕೊಳ್ಳಬಹುದು.

ಇನ್ನು ಮುಖ್ಯ ವಿಷಯ. ನಾನು ಕಂಡ ಶ್ರೋತೃಗಳಲ್ಲಿ ಬಹುಪಾಲು ಜನ ಮಾಡುವ ತಪ್ಪೆಂದರೆ, ಕೃತಿಯನ್ನು ಎಂದೂ ಕಣ್ಣಿನಿಂದ ಕಾಣದೆ, ಅದರ ಮೇಲಿನ ವ್ಯಾಖ್ಯಾನವನ್ನು ಮಾತ್ರ ಕೇಳಿ ಮುಗಿಸಿಬಿಡುವುದು. ಗಮಕ ವಾಚನವನ್ನು ಕೇಳಿದವರಿಗೆ ಗೊತ್ತಿದೆ: ಗಮಕಿಯು ಪದ್ಯವನ್ನು ವಾಚಿಸಿ ನಿಲ್ಲುತ್ತಾನೆ, ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸುತ್ತಾನೆ, ಅನಂತರವೇ ಮುಂದಿನ ಪದ್ಯ. ಪದ್ಯವೇ ಇಲ್ಲದೆ ಬರಿಯ ವ್ಯಾಖ್ಯಾನವನ್ನು ಕೇಳಿ ಎದ್ದುಹೋಗುವ ಸಭಿಕನಿಗೆ ಕುಮಾರವ್ಯಾಸನು ದಕ್ಕುವುದುಂಟೆ? ಕಲಾಗ್ರಂಥದಲ್ಲಿ ಪದ್ಯದ ಸ್ಥಾನದಲ್ಲಿರುವುದು ಚಿತ್ರ ಅಥವಾ ಶಿಲ್ಪ. ಅದನ್ನು ಕಾಣಿಸುವ ಹೊಣೆ ಓದುವ ಧ್ವನಿಯದಲ್ಲ, ಕೇಳುವ ನಮ್ಮದು.

ಹಾಗಾದರೆ ಮೊದಲು ನೋಡಬೇಕೋ ಮೊದಲು ಕೇಳಬೇಕೋ? ಮೊದಲು ಕೇಳಬೇಕೆಂದೇ ನಾನು ಒತ್ತಿ ಹೇಳುತ್ತೇನೆ. ಮೊದಲೇ ನೋಡಿಬಿಟ್ಟರೆ ಕಣ್ಣು ತೃಪ್ತವಾಗಿ, ಕಿವಿ ಅಲಸವಾಗುತ್ತದೆ. ಮ್ಯಾಕ್‌ಗ್ರೆಗರ್ ಮಾಲಿಕೆಯ ಹದಿಮೂರನೆಯ ವಸ್ತುವಾದ ಸಿಂಧೂ ಕಣಿವೆಯ ಮುದ್ರೆಯನ್ನೇ ತೆಗೆದುಕೊಳ್ಳಿರಿ. ಪ್ರಸಂಗವು ಕಾಲು ಗಂಟೆಯಷ್ಟು ಇದೆ. ಅದನ್ನು ಬೇರೆ ಕೆಲಸವಿಲ್ಲದೆ ಕುಳಿತು ಒಮ್ಮೆ ಕೇಳಿ, ನಿಲ್ಲಿಸಿ, ಮುದ್ರೆಯ ಗಾತ್ರವೆಷ್ಟು, ಅದರ ಮೇಲಿನ ಪ್ರಾಣಿ ಯಾವ ಭಂಗಿಯಲ್ಲಿದೆ, ಅಕ್ಷರಗಳು ಎಲ್ಲಿವೆ ಎಂಬುದನ್ನು ಕಾಗದದ ಮೇಲೆ ಒಡ್ಡೊಡ್ಡಾಗಿಯಾದರೂ ಗೀಚಿಕೊಳ್ಳಿರಿ. ಆಮೇಲೆ ಮ್ಯೂಸಿಯಮ್ಮಿನ ಜಾಲತಾಣದಲ್ಲಿ ಆ ಮುದ್ರೆಯ ಚಿತ್ರವನ್ನು ತೆರೆಯಿರಿ. ಪಾರ್ಶ್ವಮುಖವಾಗಿ ನಿಂತ, ಒಂದೇ ಕೊಂಬು ಕಾಣುವ ಪ್ರಾಣಿ, ಅದರ ಮುಂದಿರುವ ನಿಗೂಢವಾದ ಸಾಧನ, ಮೇಲಂಚಿನಲ್ಲಿ ಇಂದಿಗೂ ಯಾರೂ ನಿಸ್ಸಂದೇಹವಾಗಿ ಓದಲಾರದ ಲಿಪಿ, ಇವೆಲ್ಲ ನೀವು ಊಹಿಸಿದ ಗಾತ್ರಕ್ಕಿಂತ ಎಷ್ಟು ಕಿರಿದಾದ ಶಿಲೆಯಲ್ಲಿ ಅಡಗಿವೆಯೆಂಬುದು ಆಗ ಅರಿವಾಗಿ, ಆ ಅರಿವಿನೊಡನೆ ಅದೇ ಪ್ರಸಂಗವನ್ನು ಪುನಃ ಕೇಳಿದಾಗ, ಮೊದಲ ಸಲ ಕಿವಿಯ ಪಕ್ಕದಲ್ಲಿ ಹಾದುಹೋಗಿದ್ದ ವಾಕ್ಯಗಳು ಒಂದೊಂದಾಗಿ ನಿಂತು ಮಾತಾಡಿಸುತ್ತವೆ. ನೋಡುವಾಗ ಧ್ವನಿ ನಿಂತಿರಬೇಕು. ಧ್ವನಿ ಹರಿಯುತ್ತಿರುವಾಗಲೇ ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಚಿತ್ರವನ್ನು ಬೆರಳಿನಿಂದ ಹಿಗ್ಗಿಸುತ್ತ ಕುಳಿತವರಿಗೆ ಎರಡೂ ಅರೆಬರೆ. ಬಸ್ಸಿನಲ್ಲಿ ಹೋಗುವಾಗ, ಪಾತ್ರೆ ತೊಳೆಯುವಾಗ ಕೇಳುವುದನ್ನು ನಾನು ಆಕ್ಷೇಪಿಸುವುದಿಲ್ಲ; ಆದರೆ ಅಂಥ ಹೊತ್ತಿಗೆ ಕಲಾವಿದರ ಜೀವನಚರಿತ್ರೆಯನ್ನು ಇಟ್ಟುಕೊಳ್ಳಿರಿ, ಕೃತಿಗಳ ವಿವೇಚನೆಯನ್ನಲ್ಲ.

ಹಣಕೊಟ್ಟು ಕೊಂಡ ಅನೇಕ ಆಡಿಯೋ ಪುಸ್ತಕಗಳೊಡನೆ ಚಿತ್ರಗಳ ಪಿಡಿಎಫ್ ಒಂದು ಸೇರಿರುತ್ತದೆಂಬುದು ಎಷ್ಟೋ ಜನರಿಗೆ ತಿಳಿದೇ ಇಲ್ಲ. ಕೊಂಡ ದಿನವೇ ಅದನ್ನು ಇಳಿಸಿಕೊಂಡು, ಸಾಧ್ಯವಾದರೆ ದೊಡ್ಡ ಪರದೆಯಲ್ಲಿ ತೆರೆದಿಡಿರಿ. ಒಮ್ಮೆ ಕುಳಿತಾಗ ಒಂದೇ ಕೃತಿ ಸಾಕು. ಧ್ವನಿಯ ವೇಗವನ್ನು ಒಂದೂವರೆ, ಎರಡು ಪಟ್ಟು ಏರಿಸಿ ವರ್ಷಕ್ಕೆ ಇಷ್ಟು ಗ್ರಂಥವೆಂದು ಲೆಕ್ಕ ಹಾಕುವವರಿಗೆ ಈ ಕ್ರಮ ಒಗ್ಗುವುದಿಲ್ಲ. ಆದರೆ ವೇಗದಿಂದ ಕೇಳಿದ ಕಲಾವಿಮರ್ಶೆಯಲ್ಲಿ ವಿಶೇಷಣಗಳು ಉಳಿಯುತ್ತವೆ, ಚಿತ್ರ ಉಳಿಯುವುದಿಲ್ಲ.

ತೋಟಗಾರಿಕೆಯ ಗ್ರಂಥಗಳಿಗೂ ಈ ಕ್ರಮವೇ ಅನ್ವಯಿಸುತ್ತದೆ. ಮೈಕೆಲ್ ಪೋಲನ್ನರ ‘ದಿ ಬಾಟನಿ ಆಫ್ ಡಿಸೈರ್’ (2001) ಎಂಬ ಗ್ರಂಥದಲ್ಲಿ ಟ್ಯುಲಿಪ್ಪಿನ ಅಧ್ಯಾಯವೊಂದಿದೆ. 1637ರಲ್ಲಿ ಕುಸಿದುಬಿದ್ದ ಹಾಲೆಂಡಿನ ಟ್ಯುಲಿಪ್ ವ್ಯಾಪಾರದಲ್ಲಿ ಅತ್ಯಧಿಕ ಬೆಲೆ ಬಂದದ್ದು, ಬಿಳಿಯ ಅಥವಾ ಹಳದಿಯ ದಳದ ಮೇಲೆ ಜ್ವಾಲೆಯಂತೆ ಬಣ್ಣವೇರಿದ ಹೂಗಳಿಗೆ. ಗಿಡಹೇನುಗಳು ಹರಡುವ ಒಂದು ವೈರಸ್ ದಳದ ಮೇಲಣ ವರ್ಣದ್ರವ್ಯವನ್ನು ಅಲ್ಲಲ್ಲಿ ತಡೆದು, ಕೆಳಗಿನ ಬಿಳುಪನ್ನೋ ಹಳದಿಯನ್ನೋ ಹೊರಗೆಡಹುತ್ತಿತ್ತು. ಅದೇ ರೋಗ ಗಡ್ಡೆಯನ್ನು ಬಲಹೀನಗೊಳಿಸಿ, ಮರಿಗಡ್ಡೆಗಳ ಸಂಖ್ಯೆಯನ್ನು ಕುಗ್ಗಿಸಿ, ಹೂವನ್ನು ಇನ್ನಷ್ಟು ದುರ್ಲಭವಾಗಿಸಿತು. ಇದನ್ನು ಕೇಳಿದ ಮೇಲೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನ ತಾಣದಲ್ಲಿ ಯಾಕೋಬ್ ಮಾರೆಲ್ 1640ರ ಸುಮಾರಿಗೆ ಬರೆದ ಟ್ಯುಲಿಪ್ ಚಿತ್ರಗಳನ್ನು ಅವಶ್ಯವಾಗಿ ನೋಡಿರಿ.

ಸ್ಥಳ ಮುಗಿಯುತ್ತ ಬಂದುದರಿಂದ, ಕೇಳಿದ್ದನ್ನು ತೋಟದಲ್ಲಿ ಪ್ರಯೋಗಿಸುವವರಿಗೆ ಎರಡು ಮಾತು. ಲಂಡನ್ನು ಐವತ್ತೊಂದು ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ಬೆಂಗಳೂರು ಹದಿಮೂರರ ಆಸುಪಾಸಿನಲ್ಲಿದೆ. ಆದಕಾರಣ ಇಂಗ್ಲೆಂಡಿನ ಲೇಖಕರು ಕೊಡುವ, ಏಪ್ರಿಲ್‌ನಲ್ಲಿ ಬಿತ್ತಿರೆಂಬಂಥ ಉಪದೇಶಗಳನ್ನು ಟಿಪ್ಪಣಿಯಲ್ಲಿ ತಿಂಗಳ ಹೆಸರಿನಿಂದ ಬರೆದುಕೊಳ್ಳದೆ, ಮಣ್ಣಿನ ತೇವ, ಬಿಸಿಲು, ಚಳಿ ಇವುಗಳ ಲಕ್ಷಣದಿಂದ ಬರೆದುಕೊಳ್ಳಿರಿ. ಗಿಡಗಳ ಲ್ಯಾಟಿನ್ ಹೆಸರನ್ನೇ ಗುರುತು ಹಾಕಿಕೊಂಡು ನರ್ಸರಿಗೆ ಒಯ್ಯಿರಿ. ಟ್ಯುಲಿಪ್ ಗಡ್ಡೆಗೆ ಹೂಬಿಡುವ ಮುನ್ನ ವಾರಗಟ್ಟಲೆಯ ತೀವ್ರ ಚಳಿ ಬೇಕಾದ್ದರಿಂದ, ಅಧ್ಯಾಯ ಕೇಳಿದ ಉತ್ಸಾಹದಲ್ಲಿ ಅದನ್ನು ಕೊಂಡು ಬಯಲುಸೀಮೆಯಲ್ಲಿ ನೆಡಬೇಡಿರಿ.