ಸುರುಳಿಯ ಗಾತ್ರ ಮತ್ತು ಚಿನ್ನದ ಆಳ
(ಪ್ರೌಢಶಾಲಾ ವಿಜ್ಞಾನ: ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮ ಮತ್ತು ವಿದ್ಯುತ್ಕಾಂತೀಯ ಪ್ರೇರಣೆ – ಪೂರಕ ಪಾಠ)

ಪೀಠಿಕೆ

ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮವನ್ನು ಕುರಿತ ಘಟಕವನ್ನು ಬೋಧಿಸುವಾಗ ವಿದ್ಯಾರ್ಥಿಗಳು ನಿಯಮಗಳನ್ನು ತಪ್ಪಿಲ್ಲದೆ ಒಪ್ಪಿಸುವುದು ಸಾಮಾನ್ಯ. ಆದರೆ ಅದೇ ನಿಯಮವನ್ನು ಆಧಾರವಾಗಿಟ್ಟುಕೊಂಡು ಒಂದು ತೀರ್ಮಾನಕ್ಕೆ ಬರಬೇಕೆಂದಾಗ ಬಹುಮಂದಿ ತಡವರಿಸುತ್ತಾರೆ. ನಿಯಮ ಪುಸ್ತಕದಲ್ಲಿ ಉಳಿದು, ತೀರ್ಮಾನ ಊಹೆಯ ಪಾಲಾಗುತ್ತದೆ. ಈ ಅಂತರವನ್ನು ತುಂಬಲು ಒಂದು ಸರಳ ಪ್ರಶ್ನೆಯಿಂದ ಪಾಠವನ್ನು ಆರಂಭಿಸಬಹುದು.

ನೆಲದೊಳಗಿನ ಚಿನ್ನದ ತುಣುಕನ್ನು ಹುಡುಕಲು ಹೊರಟವನ ಬಳಿ ಲೋಹಶೋಧಕ ಯಂತ್ರವೊಂದಿದೆ. ಅದಕ್ಕೆ ಜೋಡಿಸಲು ಎರಡು ಸುರುಳಿಗಳಿವೆ. ಒಂದರ ವ್ಯಾಸ 20 ಸೆಂ.ಮೀ., ಇನ್ನೊಂದರದು 40 ಸೆಂ.ಮೀ. ಅವನು ಯಾವುದನ್ನು ಆರಿಸಿಕೊಳ್ಳಬೇಕು?

ತರಗತಿಯಲ್ಲಿ ಬರುವ ಮೊದಲ ಉತ್ತರ ಸಾಮಾನ್ಯವಾಗಿ 'ದೊಡ್ಡದು' ಎಂದೇ ಇರುತ್ತದೆ. ಈ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ವಿದ್ಯಾರ್ಥಿಗಳೇ ಅಳತೆಯಿಂದ ಕಂಡುಕೊಳ್ಳುವಂತೆ ಮಾಡುವುದು ಈ ಪಾಠದ ಗುರಿ. ಇದಕ್ಕೆ ಇನ್ನೊಂದು ಪ್ರಯೋಜನವೂ ಇದೆ. ಹಳೆಯ ಕೋಟೆ, ಗುಡಿಗಳಿರುವ ಊರುಗಳಲ್ಲಿ ಗುಪ್ತನಿಧಿಯ ಆಸೆ ಹುಟ್ಟಿಸಿ, ಬಹಳ ಆಳದ ಚಿನ್ನವನ್ನೂ ತೋರಿಸುವ ಯಂತ್ರವಿದೆಯೆಂದು ನಂಬಿಸಿ ಹಣ ಕೀಳುವವರಿದ್ದಾರೆ. ಸುರುಳಿಯ ಕ್ಷೇತ್ರ ದೂರದೊಡನೆ ಹೇಗೆ ಕುಗ್ಗುತ್ತದೆಂದು ತಿಳಿದ ವಿದ್ಯಾರ್ಥಿ ಇಂಥ ಮಾತಿಗೆ ಮರುಳಾಗುವುದಿಲ್ಲ, ಮನೆಯವರನ್ನೂ ಎಚ್ಚರಿಸಬಲ್ಲನು.

ಕಲಿಕೆಯ ಉದ್ದೇಶಗಳು

1. ಸುರುಳಿಯ ತ್ರಿಜ್ಯ ಮತ್ತು ಅದರ ಕಾಂತಕ್ಷೇತ್ರದ ಸಂಬಂಧವನ್ನು ಅಳತೆಯ ಮೂಲಕ ಅರಿಯುವುದು.
2. ಲೋಹಶೋಧಕದ ಕಾರ್ಯವನ್ನು ಪ್ರೇರಣೆಯ ತತ್ತ್ವದಿಂದ ವಿವರಿಸುವುದು.
3. ಒಂದು ಲಾಭಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಬೇಕಾದ ಸಂದರ್ಭದಲ್ಲಿ ಕಾರಣಸಹಿತವಾಗಿ ಆಯ್ಕೆ ಮಾಡುವುದು.

ಹಿನ್ನೆಲೆ: ವಿಕ್ಟೋರಿಯಾದ ಚಿನ್ನದ ನೆಲ

ಲೋಹಶೋಧಕದಿಂದ ಚಿನ್ನವನ್ನು ಅರಸುವ ಹವ್ಯಾಸ ಬೆಳೆದಿರುವುದು ಚಿನ್ನವು ಗಟ್ಟಿಗಳಾಗಿ ಮೇಲ್ಮಣ್ಣಿನಲ್ಲಿ ದೊರೆಯುವ ಪ್ರದೇಶಗಳಲ್ಲಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಅವುಗಳಲ್ಲಿ ಪ್ರಸಿದ್ಧವಾದುದು. ಅಲ್ಲಿನ ಬ್ಯಾಲರಾಟ್, ಬೆಂಡಿಗೊ ಪ್ರದೇಶಗಳಲ್ಲಿ 1851ರಲ್ಲಿ ಚಿನ್ನ ಪತ್ತೆಯಾಗಿ ಜನ ಮುಗಿಬಿದ್ದರು. 1869ರಲ್ಲಿ ಮೋಲಿಯಾಗುಲ್ ಎಂಬಲ್ಲಿ ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಎಂಬ ಇಬ್ಬರಿಗೆ 'ವೆಲ್ಕಮ್ ಸ್ಟ್ರೇಂಜರ್' ಎಂಬ ಬೃಹತ್ ಗಟ್ಟಿ ದೊರೆಯಿತು. ಅದು ಇದ್ದುದು ನೆಲದಿಂದ ಕೆಲವೇ ಸೆಂಟಿಮೀಟರ್ ಕೆಳಗೆ. 1980ರಲ್ಲಿ ಕಿಂಗೋವರ್ ಬಳಿ ಲೋಹಶೋಧಕದ ನೆರವಿನಿಂದ ಸುಮಾರು 27 ಕಿಲೋಗ್ರಾಂ ತೂಕದ 'ಹ್ಯಾಂಡ್ ಆಫ್ ಫೇತ್' ಗಟ್ಟಿ ಸಿಕ್ಕಿತು.

ಇಂಥ ಗಟ್ಟಿಗಳು ಅಪರೂಪ. ಇಂದು ಅಲ್ಲಿ ಹುಡುಕುವವರಿಗೆ ದೊರೆಯುವುದು ಹೆಚ್ಚಾಗಿ ಒಂದು ಗ್ರಾಮಿಗಿಂತ ಕಡಿಮೆ ತೂಕದ, ಅಕ್ಕಿಕಾಳಿನಷ್ಟು ಗಾತ್ರದ ತುಣುಕುಗಳು. ಅಲ್ಲದೆ ಅಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಆದ್ದರಿಂದ ಸುರುಳಿಯ ಆಯ್ಕೆ ಅಲ್ಲಿ ನಿತ್ಯದ ಪ್ರಶ್ನೆ.

ಯಂತ್ರದ ಕಾರ್ಯ

ಸುರುಳಿಯಲ್ಲಿ ಬದಲಾಗುತ್ತಿರುವ ವಿದ್ಯುತ್ ಪ್ರವಾಹ ಹರಿದಾಗ ಅದರ ಸುತ್ತ ಬದಲಾಗುತ್ತಿರುವ ಕಾಂತಕ್ಷೇತ್ರ ಉಂಟಾಗುತ್ತದೆ. ಈ ಕ್ಷೇತ್ರ ನೆಲದೊಳಗಿನ ಲೋಹವನ್ನು ತಾಗಿದಾಗ ಲೋಹದಲ್ಲಿ ಪ್ರವಾಹ ಪ್ರೇರಿತವಾಗುತ್ತದೆ. ಹೊಳೆಯ ನೀರಿನ ಸುಳಿಯಂತೆ ಲೋಹದೊಳಗೇ ಸುತ್ತುವುದರಿಂದ ಇದನ್ನು ಸುಳಿ ಪ್ರವಾಹವೆನ್ನುವರು. ಸುಳಿ ಪ್ರವಾಹ ತನ್ನದೇ ಆದ ಸಣ್ಣ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಸುರುಳಿ ಅದನ್ನು ಗ್ರಹಿಸುತ್ತದೆ. ಯಂತ್ರ ಸದ್ದು ಮಾಡುತ್ತದೆ.

ಹೀಗೆ ಸಂಕೇತವು ಎರಡು ಪಯಣ ಮಾಡುತ್ತದೆ: ಸುರುಳಿಯಿಂದ ಲೋಹಕ್ಕೆ, ಲೋಹದಿಂದ ಮರಳಿ ಸುರುಳಿಗೆ. ಎರಡೂ ಪಯಣಗಳಲ್ಲಿ ಅದು ಕುಗ್ಗುತ್ತದೆ. ಈ ಅಂಶವನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಬೇಕು. ಮುಂದಿನ ಲೆಕ್ಕಕ್ಕೆ ಇದೇ ತಳಹದಿ.

ಎರಡು ಸುರುಳಿಗಳ ಹೋಲಿಕೆ

ಸುತ್ತುಗಳ ಸಂಖ್ಯೆಯೂ ಪ್ರವಾಹವೂ ಒಂದೇ ಆಗಿದ್ದರೆ, ಸುರುಳಿಯ ಕೇಂದ್ರದಲ್ಲಿ ಕಾಂತಕ್ಷೇತ್ರವು ತ್ರಿಜ್ಯಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಅಂದರೆ ಕೇಂದ್ರದಲ್ಲಿ ಸಣ್ಣ ಸುರುಳಿಯೇ ಪ್ರಬಲ. ಕೇಂದ್ರದಿಂದ ಅಕ್ಷದ ಗುಂಟ ದೂರ ಸರಿದಂತೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಕ್ಷೇತ್ರವನ್ನು ತಿಳಿಯಲು ತ್ರಿಜ್ಯದ ವರ್ಗವನ್ನು, ತ್ರಿಜ್ಯದ ವರ್ಗ ಮತ್ತು ದೂರದ ವರ್ಗಗಳ ಮೊತ್ತದ ಒಂದೂವರೆ ಘಾತದಿಂದ ಭಾಗಿಸಬೇಕು. ದೊಡ್ಡ ಸುರುಳಿಯ ಕೇಂದ್ರದಲ್ಲಿನ ಕ್ಷೇತ್ರವನ್ನು 100 ಎಂದಿಟ್ಟುಕೊಂಡರೆ, 20 ಮತ್ತು 40 ಸೆಂ.ಮೀ. ವ್ಯಾಸದ ಸುರುಳಿಗಳಿಗೆ ದೊರೆಯುವ ಬೆಲೆಗಳು ಇವು:

ಕೇಂದ್ರದಲ್ಲಿ: ಸಣ್ಣದು 200, ದೊಡ್ಡದು 100
5 ಸೆಂ.ಮೀ. ದೂರದಲ್ಲಿ: ಸಣ್ಣದು 143, ದೊಡ್ಡದು 91
10 ಸೆಂ.ಮೀ. ದೂರದಲ್ಲಿ: ಸಣ್ಣದು 71, ದೊಡ್ಡದು 72
20 ಸೆಂ.ಮೀ. ದೂರದಲ್ಲಿ: ಸಣ್ಣದು 18, ದೊಡ್ಡದು 35
30 ಸೆಂ.ಮೀ. ದೂರದಲ್ಲಿ: ಸಣ್ಣದು 6, ದೊಡ್ಡದು 17

ಪಾಠದ ಹೃದಯ ಈ ಐದು ಸಾಲುಗಳಲ್ಲಿದೆ. 10 ಸೆಂ.ಮೀ.ವರೆಗೆ ಸಣ್ಣ ಸುರುಳಿಯ ಕೈ ಮೇಲು. ಅಲ್ಲಿ ಎರಡೂ ಸಮ. ಅನಂತರ ದೊಡ್ಡದು ಮುಂದೆ ಸಾಗುತ್ತದೆ. ಕಳುಹಿಸುವ ಸುರುಳಿಯೇ ಮರಳಿ ಗ್ರಹಿಸುವುದಾದರೆ, ಮರುಪಯಣಕ್ಕೂ ಇದೇ ಪ್ರಮಾಣ ಅನ್ವಯಿಸುವುದರಿಂದ ಅನುಪಾತವನ್ನು ವರ್ಗಮಾಡಬೇಕು. ಆಗ 5 ಸೆಂ.ಮೀ. ಆಳದ ತುಣುಕಿಗೆ ಸಣ್ಣ ಸುರುಳಿಯ ಸಂಕೇತ ಸುಮಾರು ಎರಡೂವರೆ ಪಟ್ಟು, 30 ಸೆಂ.ಮೀ. ಆಳದಲ್ಲಿ ದೊಡ್ಡದರ ಸಂಕೇತ ಸುಮಾರು ಏಳು ಪಟ್ಟು. ಮಾರುಕಟ್ಟೆಯ ಯಂತ್ರಗಳಲ್ಲಿ ಸುತ್ತುಗಳೂ ಪ್ರವಾಹವೂ ಬೇರೆ ಬೇರೆಯಾಗಿರುವುದರಿಂದ ಅಂಕಿಗಳು ವ್ಯತ್ಯಾಸವಾಗಬಹುದು; ಆದರೆ ಪ್ರವೃತ್ತಿ ಇದೇ.

ಹಾಗಾದರೆ ಆಳದ ಚಿನ್ನಕ್ಕೆ ಸುರುಳಿಯನ್ನು ಹಿಗ್ಗಿಸುತ್ತಲೇ ಹೋಗಬಹುದೇ? ಗಣಿತದಂತೆ, ಒಂದು ಆಳಕ್ಕೆ ಅತ್ಯುತ್ತಮ ತ್ರಿಜ್ಯ ಆ ಆಳದ ಸುಮಾರು 1.4 ಪಟ್ಟು. 30 ಸೆಂ.ಮೀ. ಆಳಕ್ಕೆ 84 ಸೆಂ.ಮೀ. ವ್ಯಾಸ ಬೇಕಾಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ದಿನವಿಡೀ ಬೀಸುವುದು ಸಾಧ್ಯವಿಲ್ಲ. ಆಯ್ಕೆಯನ್ನು ನಿರ್ಧರಿಸುವ ಇತರ ಅಂಶಗಳು ಇಲ್ಲಿ ಪ್ರವೇಶಿಸುತ್ತವೆ.

ಆಯ್ಕೆಯ ಇತರ ಅಂಶಗಳು

ನೆಲದ ಗದ್ದಲ: ಕಬ್ಬಿಣದ ಖನಿಜಗಳಿರುವ ಮಣ್ಣು ತಾನೇ ಸಂಕೇತ ನೀಡುತ್ತದೆ. ಸುರುಳಿ ದೊಡ್ಡದಾದಷ್ಟೂ ಹೆಚ್ಚು ಮಣ್ಣು ಅದರ ಕ್ಷೇತ್ರದೊಳಗೆ ಬರುತ್ತದೆ. ಜಾತ್ರೆಯಲ್ಲಿ ಪಿಸುಮಾತನ್ನು ಆಲಿಸುವವನಿಗೆ ಕಿವಿ ದೊಡ್ಡದಾದರೆ ಪಿಸುಮಾತಿನೊಡನೆ ಗದ್ದಲವೂ ಹೆಚ್ಚಾಗಿಯೇ ಕೇಳಿಸೀತು. ಖನಿಜಭರಿತ ನೆಲದಲ್ಲಿ ಸಣ್ಣ ಸುರುಳಿ ಮೇಲೆನಿಸುವುದು ಇದರಿಂದಲೇ.

ತುಣುಕಿನ ಗಾತ್ರ: ಕಾಳಿನಷ್ಟು ಚಿನ್ನದಲ್ಲಿ ಹುಟ್ಟುವ ಸುಳಿ ಪ್ರವಾಹ ಅತ್ಯಲ್ಪ, ಅದು ಬಹುಬೇಗ ಅಡಗುತ್ತದೆ. ಅದನ್ನು ಹಿಡಿಯಲು ಪ್ರಬಲ, ಸಾಂದ್ರ ಕ್ಷೇತ್ರ ಬೇಕು.

ಬೇರ್ಪಡಿಸುವ ಶಕ್ತಿ: ಹಳೆಯ ಬಿಡಾರಗಳಿದ್ದಲ್ಲಿ ಮೊಳೆ, ತಗಡಿನ ಚೂರುಗಳು ಹರಡಿರುತ್ತವೆ. ದೊಡ್ಡ ಸುರುಳಿ ಮೊಳೆಯನ್ನೂ ಚಿನ್ನವನ್ನೂ ಒಟ್ಟಿಗೆ ಗ್ರಹಿಸಿ ಗೊಂದಲಗೊಳಿಸುತ್ತದೆ.

ವ್ಯಾಪ್ತಿ ಮತ್ತು ಭಾರ: ದೊಡ್ಡ ಸುರುಳಿ ಒಂದು ಬೀಸಿಗೆ ಹೆಚ್ಚು ನೆಲವನ್ನು ಆವರಿಸುತ್ತದೆ, ಆದರೆ ತೂಕ ಹೆಚ್ಚು, ಬಂಡೆ ಪೊದೆಗಳ ನಡುವೆ ತೂರುವುದಿಲ್ಲ. ಅಂಥಲ್ಲಿ ಅಂಡಾಕಾರದ ಸುರುಳಿ ಅನುಕೂಲ.

ರಚನೆ: ಒಂದೇ ಸುತ್ತುಕಟ್ಟು ಕಳುಹಿಸುವ ಮತ್ತು ಗ್ರಹಿಸುವ ಎರಡೂ ಕೆಲಸ ಮಾಡುವುದು 'ಮೊನೊ' ಸುರುಳಿ. ಎರಡು ಸುತ್ತುಕಟ್ಟುಗಳು ನಡುವೆ ಒಂದರ ಮೇಲೊಂದು ಹೊಂದಿಕೊಂಡಿರುವುದು 'ಡಬಲ್-ಡಿ'. ಮೊದಲನೆಯದು ಶಾಂತ ನೆಲದಲ್ಲಿ ಹೆಚ್ಚು ಸೂಕ್ಷ್ಮ. ಎರಡನೆಯದು ಗದ್ದಲದ ನೆಲದಲ್ಲಿ ಹೆಚ್ಚು ಸ್ಥಿರ.

ತರಗತಿಯ ಚಟುವಟಿಕೆ

ಬೇಕಾದ ಸಾಮಗ್ರಿ: ಎನಾಮಲ್ ಲೇಪಿತ ತಾಮ್ರದ ತಂತಿ ಸುಮಾರು 20 ಮೀಟರ್, ದೊಡ್ಡ ಟಾರ್ಚ್ ಸೆಲ್ ಒಂದು, ದಿಕ್ಸೂಚಿ, ಅಳತೆಪಟ್ಟಿ, ರಟ್ಟು, ದಾರ, 10 ಸೆಂ.ಮೀ. ಮತ್ತು 20 ಸೆಂ.ಮೀ. ವ್ಯಾಸದ ಎರಡು ಪ್ಲಾಸ್ಟಿಕ್ ಡಬ್ಬಿಗಳು.

ವಿಧಾನ: ಡಬ್ಬಿಗಳ ಮೇಲೆ ತಲಾ 20 ಸುತ್ತು ತಂತಿ ಸುತ್ತಿ, ಜಾರಿಸಿ ಹೊರತೆಗೆದು ದಾರದಿಂದ ಬಿಗಿಯಬೇಕು. ತಂತಿಯ ತುದಿಗಳ ಎನಾಮಲ್ ಕೆರೆದು ಎರಡೂ ಸುರುಳಿಗಳನ್ನು ಸರಣಿಯಲ್ಲಿ ಜೋಡಿಸಬೇಕು. ಹೀಗೆ ಮಾಡಿದರೆ ತಂತಿಯ ಉದ್ದ ಬೇರೆಯಾದರೂ ಪ್ರವಾಹ ಎರಡರಲ್ಲಿಯೂ ಒಂದೇ ಇರುತ್ತದೆ. ಅಳೆಯದಿರುವ ಸುರುಳಿಯನ್ನು ಒಂದು ಮೀಟರಿನಷ್ಟು ದೂರ ಇಡಬೇಕು. ಅಳೆಯುವ ಸುರುಳಿಯನ್ನು ರಟ್ಟಿನ ಆಧಾರದಿಂದ ಉತ್ತರ–ದಕ್ಷಿಣವಾಗಿ ನೇರ ನಿಲ್ಲಿಸಿ, ಕೇಂದ್ರದ ಮಟ್ಟದಲ್ಲಿ ದಿಕ್ಸೂಚಿಯಿಟ್ಟು, ಅಕ್ಷದ ಗುಂಟ 0, 5, 10, 15 ಸೆಂ.ಮೀ. ದೂರಗಳಲ್ಲಿ ಮುಳ್ಳಿನ ವಾಲಿಕೆಯನ್ನು ಬರೆದುಕೊಳ್ಳಬೇಕು. ಪ್ರತಿ ಓದಿಕೆಯ ನಂತರ ಸೆಲ್ಲನ್ನು ಬಿಡಿಸುವುದು ಅಗತ್ಯ. ಇಲ್ಲವಾದರೆ ಅದು ಬೇಗ ಸೊರಗುತ್ತದೆ. ಕಬ್ಬಿಣದ ಮೇಜಿನ ಮೇಲೆ ಈ ಪ್ರಯೋಗ ಕೂಡದು.

ಪ್ರವಾಹ 0.5 ಆಂಪಿಯರ್ ಇದ್ದಾಗ ಲೆಕ್ಕದಂತೆ ಬರಬೇಕಾದ ಕೋನಗಳು: ಕೇಂದ್ರದಲ್ಲಿ ಸಣ್ಣದಕ್ಕೆ ಸುಮಾರು 72, ದೊಡ್ಡದಕ್ಕೆ 58 ಡಿಗ್ರಿ, 5 ಸೆಂ.ಮೀ.ನಲ್ಲಿ ಎರಡಕ್ಕೂ 48, 10 ಸೆಂ.ಮೀ.ನಲ್ಲಿ 16 ಮತ್ತು 29, 15 ಸೆಂ.ಮೀ.ನಲ್ಲಿ 6 ಮತ್ತು 15. ಮಕ್ಕಳ ಅಂಕಿಗಳು ಇದಕ್ಕೆ ಸರಿಯಾಗಿ ಹೊಂದದಿರಬಹುದು. ಅವನ್ನು ತಿದ್ದಿಸಬಾರದು. ಎರಡು ರೇಖೆಗಳು ಒಂದನ್ನೊಂದು ಕತ್ತರಿಸುವ ಬಿಂದುವನ್ನು ಅವರು ತಮ್ಮ ನಕ್ಷೆಯಲ್ಲಿ ತಾವೇ ಗುರುತಿಸಿದರೆ ಸಾಕು.

ಚರ್ಚೆಗೆ ನಾಲ್ಕು ಸಂದರ್ಭಗಳು

ವಿದ್ಯಾರ್ಥಿಗಳನ್ನು ಗುಂಪು ಮಾಡಿ, 20, 28 ಮತ್ತು 45 ಸೆಂ.ಮೀ. ವ್ಯಾಸದ ಸುರುಳಿಗಳಲ್ಲಿ ಒಂದನ್ನು ಕಾರಣದೊಡನೆ ಆರಿಸಲು ಹೇಳಬೇಕು.

1. ಹಳೆಯ ಅಗೆತದ ಕಣಿವೆ, ಹತ್ತು ಸೆಂ.ಮೀ. ಕೆಳಗೆ ಬಂಡೆ, ಕಾಳಿನಷ್ಟು ಚಿನ್ನ ದೊರೆತ ಜಾಗ. (20: ಆಳ ಕಡಿಮೆ, ತುಣುಕು ಸಣ್ಣದು.)
2. ಮೊದಲ ಬಾರಿ ನೋಡುತ್ತಿರುವ ಬಯಲು. (28: ಆಳ, ಸೂಕ್ಷ್ಮತೆ, ವ್ಯಾಪ್ತಿಗಳ ನಡುವಣ ಸಮತೋಲ.)
3. ಹಿಂದೆ ದೊಡ್ಡ ಗಟ್ಟಿಗಳು ಸಿಕ್ಕ, ಮಣ್ಣು ದಪ್ಪವಾಗಿರುವ, ಖನಿಜ ಕಡಿಮೆಯಿರುವ ನೆಲ. (45: ಆಳವೇ ಮುಖ್ಯ, ಗದ್ದಲವಿಲ್ಲ.)
4. ಕಬ್ಬಿಣದ ಕಲ್ಲು ಮತ್ತು ಮೊಳೆಗಳಿಂದ ತುಂಬಿದ ಹಳೆಯ ಬಿಡಾರ. (20, ಡಬಲ್-ಡಿ: ಗದ್ದಲವನ್ನು ತಗ್ಗಿಸಿ ಬೇರ್ಪಡಿಸಲು.)

ಆವರಣದ ಉತ್ತರಗಳನ್ನು ಮೊದಲೇ ಹೇಳಬಾರದು. ಬೇರೆ ಉತ್ತರಕ್ಕೆ ಸರಿಯಾದ ಕಾರಣ ಕೊಟ್ಟ ಗುಂಪಿಗೂ ಪೂರ್ಣ ಅಂಕ ಸಲ್ಲಬೇಕು.

ನಮ್ಮ ನೆಲದ ಚಿನ್ನ ಮತ್ತು ಕಾನೂನು

ಕೋಲಾರ, ಹಟ್ಟಿ, ಆಂಧ್ರದ ರಾಮಗಿರಿಗಳ ಹೆಸರು ಕೇಳಿದ ವಿದ್ಯಾರ್ಥಿಗಳು 'ಇಲ್ಲಿಯೂ ಹೀಗೆ ಹುಡುಕಬಹುದೇ?' ಎಂದು ಕೇಳುವುದು ಸಹಜ. ಈ ಗಣಿಗಳ ಚಿನ್ನ ಬೆಣಚುಕಲ್ಲಿನೊಳಗೆ ಸೂಕ್ಷ್ಮ ಕಣಗಳಾಗಿ ಬೆರೆತಿರುವಂಥದು. ಒಂದು ಟನ್ ಅದಿರಿನಲ್ಲಿ 5 ಗ್ರಾಂ ಚಿನ್ನವಿದ್ದರೆ ಅದು 10 ಲಕ್ಷದಲ್ಲಿ 5 ಭಾಗ. ಹೀಗೆ ಚದುರಿದ ಕಣಗಳಿಗೆ ಯಾವ ಗಾತ್ರದ ಸುರುಳಿಯೂ ಓಗೊಡುವುದಿಲ್ಲ. 1880ರ ಸುಮಾರಿನಲ್ಲಿ ವಯನಾಡು–ನೀಲಗಿರಿ ಭಾಗದ ದೇವಾಲಾ, ಪಂದಲೂರುಗಳಲ್ಲಿ ಇಂಗ್ಲೆಂಡಿನ ಬಂಡವಾಳದಿಂದ ಗಣಿ ಕಂಪೆನಿಗಳು ತಲೆಯೆತ್ತಿ, ನಿರೀಕ್ಷಿಸಿದಷ್ಟು ಚಿನ್ನ ಸಿಗದೆ ಮುಚ್ಚಿಹೋದವು. ಅಳತೆಗಿಂತ ಆಸೆ ಮುಂದೆ ಹೋದರೆ ಏನಾಗುತ್ತದೆಂಬುದಕ್ಕೆ ಆ ಭಾಗದ ಶಾಲೆಗಳಲ್ಲಿ ಇದು ಹತ್ತಿರದ ಉದಾಹರಣೆ.

ಇನ್ನು ಗುಪ್ತನಿಧಿಯ ಯಂತ್ರದ ಮಾತು. 40 ಸೆಂ.ಮೀ. ಸುರುಳಿಗೆ 30 ಸೆಂ.ಮೀ. ಆಳದಲ್ಲಿ ಕಷ್ಟದಿಂದ ಕೇಳಿಸುವ ತುಣುಕನ್ನು 15 ಮೀಟರ್ ಆಳದಲ್ಲಿಟ್ಟರೆ, ಎರಡು ಪಯಣಗಳ ಲೆಕ್ಕದಂತೆ ಸಂಕೇತ ಸುಮಾರು 500 ಕೋಟಿಯಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು. ಕಾನೂನಿನ ಅರಿವೂ ಅಗತ್ಯ. ವಿಕ್ಟೋರಿಯಾದಲ್ಲಿ ಹವ್ಯಾಸಿಗಳು 'ಮೈನರ್ಸ್ ರೈಟ್' ಎಂಬ ಪರವಾನಗಿ ಪಡೆದು ಹುಡುಕುತ್ತಾರೆ. ನಮ್ಮಲ್ಲಿ 1957ರ ಗಣಿ ಮತ್ತು ಖನಿಜಗಳ ಅಧಿನಿಯಮದಂತೆ ಪರವಾನಗಿಯಿಲ್ಲದೆ ಖನಿಜ ಶೋಧ ಸಲ್ಲದು. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ 1878ರ ಅಧಿನಿಯಮದಂತೆ ಕಲೆಕ್ಟರರಿಗೆ ತಿಳಿಸಬೇಕು.

ಪದಗಳ ಬಗ್ಗೆ

ಗಡಿಭಾಗದ ಮಕ್ಕಳು ಚಿನ್ನವನ್ನು ನೆರೆಯ ಭಾಷೆಗಳಲ್ಲಿ ಬಂಗಾರಂ, ತಂಗಂ, ಪೊನ್ನ್, ಸೋನೆ ಎಂದು ಕೇಳಿರುತ್ತಾರೆ. ಮಲಯಾಳದ ಪೊನ್ನ್, ತಮಿಳಿನ ಪೊನ್, ಕನ್ನಡದ ಹೊನ್ನು ಒಂದೇ ಮೂಲದವೆಂದು ತಿಳಿಸಿದರೆ ಅವರಿಗೆ ಹಿಗ್ಗು. ಪಾರಿಭಾಷಿಕ ಪದಗಳಲ್ಲಿಯೂ ಇದೇ ಉದಾರತೆ ಇರಲಿ. ಮಗು ಮೊದಲು 'ಕಾಯಿಲ್' ಎಂದರೆ ತಡೆಯದೆ, ಬರವಣಿಗೆಯಲ್ಲಿ 'ಸುರುಳಿ', 'ಸುಳಿ ಪ್ರವಾಹ', 'ಪ್ರೇರಣೆ' ಎಂಬ ಪದಗಳು ನೆಲೆಗೊಳ್ಳುವಂತೆ ನೋಡಿಕೊಳ್ಳಬೇಕು.

ಮೌಲ್ಯಮಾಪನ

1. ಕೇಂದ್ರದಲ್ಲಿ ಸಣ್ಣ ಸುರುಳಿಯ ಕ್ಷೇತ್ರ ಹೆಚ್ಚಾಗಿರಲು ಕಾರಣವೇನು?
2. ಅನುಪಾತವನ್ನು ವರ್ಗಮಾಡುವುದೇಕೆ?
3. 'ದೊಡ್ಡ ಸುರುಳಿಯೇ ಉತ್ತಮ' ಎಂಬ ಮಾತು ಯಾವ ನೆಲದಲ್ಲಿ ಸರಿ, ಯಾವ ನೆಲದಲ್ಲಿ ತಪ್ಪು? ತಮ್ಮ ಅಳತೆಯ ಅಂಕಿಗಳನ್ನು ಬಳಸಿ ಒಂದು ಪುಟ ಬರೆಯಿರಿ.

ಮೂರನೆಯ ಪ್ರಶ್ನೆಯ ಉತ್ತರದಲ್ಲಿ 'ಯಾವ ಆಳಕ್ಕೆ?', 'ಯಾವ ಮಣ್ಣಿಗೆ?' ಎಂಬ ಮರುಪ್ರಶ್ನೆಗಳು ಕಂಡುಬಂದರೆ ಪಾಠ ಫಲಿಸಿತೆಂದು ಶಿಕ್ಷಕರು ತಿಳಿಯಬಹುದು.