ಮುಹಲ್ಲಬನ ಮನೆತನ

ರಾಜ್ಯಗಳ ಚರಿತ್ರೆಯಲ್ಲಿ ಅರಸರ ಹೆಸರುಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಆದರೆ ಸಿಂಹಾಸನವನ್ನು ಏರದೆ, ಅದರ ಅಳಿವು ಉಳಿವುಗಳಿಗೆ ಕಾರಣವಾದ ಮನೆತನಗಳೂ ಉಂಟು. ಇಸ್ಲಾಮಿನ ಮೊದಲ ಶತಮಾನಗಳಲ್ಲಿ ಅರಬ್ಬರ ನಡುವೆ ಬೆಳಗಿದ ಮುಹಲ್ಲಬನ ಮನೆತನವು ಅಂತಹುದು. ತಂದೆ ತಾಳ್ಮೆಯಿಂದ ಕಟ್ಟಿದುದನ್ನು ಮಗನ ದರ್ಪವು ಕೆಡವಿದ ಕಥೆ ಅದು. ಬೂದಿಯಿಂದ ಮತ್ತೆ ಚಿಗುರೊಡೆದ ಕಥೆಯೂ ಹೌದು.

ಪ್ರವಾದಿ ಮುಹಮ್ಮದರು 632ರಲ್ಲಿ ಕಾಲವಾದ ತರುವಾಯ ಅವರ ಉತ್ತರಾಧಿಕಾರಿಗಳಾದ ಖಲೀಫರ ರಾಜ್ಯವು ಬಹುಬೇಗ ವಿಸ್ತಾರವಾಯಿತು. ಇರಾಕಿನಲ್ಲಿ ಸೈನಿಕರ ಬೀಡಾಗಿ ಹುಟ್ಟಿದ ಬಸ್ರಾ ದೊಡ್ಡ ನಗರವಾಯಿತು. ಓಮಾನಿನ ಅಜ್ದ್ ಬುಡಕಟ್ಟಿನ ಅನೇಕ ಕುಟುಂಬಗಳು ಅಲ್ಲಿಗೆ ಬಂದು ನೆಲೆಸಿದವು. ಮುಹಲ್ಲಬ್ ಬಿನ್ ಅಬೀ ಸುಫ್ರಾ ಆ ಬುಡಕಟ್ಟಿನವನು. ಪ್ರವಾದಿಯವರ ಕುಲವಾದ ಕುರೈಷರ ಹಿರಿಮೆ ಅವನಿಗಿರಲಿಲ್ಲ. ಅವನಿಗಿದ್ದ ಬಂಡವಾಳವೆಂದರೆ ಸಾಮರ್ಥ್ಯವೊಂದೇ.

ಶತ್ರುವಿನಿಂದಲೂ ಕಲಿಯುವುದು ಅವನ ದೊಡ್ಡ ಗುಣ. 664ರ ಸುಮಾರಿಗೆ ಅವನು ಕಾಬೂಲ್ ಮತ್ತು ಮುಲ್ತಾನ್‌ಗಳ ನಡುವಣ ಪ್ರದೇಶದ ಮೇಲೆ ದಂಡೆತ್ತಿ ಹೋದನು. ಅಲ್ಲಿ ಎದುರಾದ ತುರ್ಕಿ ಸವಾರರ ಕುದುರೆಗಳ ಬಾಲಗಳು ಮೊಟಕಾಗಿದ್ದವು. ಅವರ ಚುರುಕುತನವನ್ನು ಕಂಡು ಅವನು ತನ್ನ ಕುದುರೆಗಳಿಗೂ ಹಾಗೆಯೇ ಮಾಡಿಸಿದನೆಂದು ಚರಿತ್ರಕಾರ ಬಲಾಧುರಿ ಬರೆದಿದ್ದಾನೆ. ಸವಾರನು ಕಾಲಿಡುವ ಮರದ ರಿಕಾಪುಗಳು ಯುದ್ಧದ ರಭಸಕ್ಕೆ ಮುರಿಯುತ್ತಿದ್ದುದನ್ನು ನೋಡಿ, ಕಬ್ಬಿಣದ ರಿಕಾಪುಗಳನ್ನು ಬಳಕೆಗೆ ತಂದವನೂ ಅವನೇ ಎಂದು ಅರಬ್ಬೀ ಗ್ರಂಥಗಳು ಹೇಳುತ್ತವೆ.

684ರಲ್ಲಿ ಖಾರಿಜಿ ಪಂಥದ ಅತ್ಯುಗ್ರ ಶಾಖೆಯಾದ ಅಜಾರಿಕಾ ಬಂಡಾಯಗಾರರಿಂದ ಬಸ್ರಾಕ್ಕೆ ಗಂಡಾಂತರ ಒದಗಿತು. ಊರಿನ ಜನ ಮುಹಲ್ಲಬನ ಮೊರೆಹೊಕ್ಕರು. ಆ ಹೋರಾಟ ಹಲವು ವರ್ಷಗಳ ಕಾಲ ನಡೆಯಿತು. ಅವನು ಆತುರಪಡಲಿಲ್ಲ. ಬೀಡಿನ ಸುತ್ತ ಕಂದಕ ತೋಡಿಸಿ, ರಾತ್ರಿಯ ಪಹರೆ ಇಟ್ಟು, ಶತ್ರುಗಳಲ್ಲಿ ಒಡಕು ಮೂಡುವವರೆಗೆ ಕಾಯುತ್ತಿದ್ದನು. ಇರಾಕಿನ ರಾಜ್ಯಪಾಲ ಹಜ್ಜಾಜನು ತ್ವರೆಪಡಿಸಿ ಓಲೆಗಳನ್ನು ಕಳುಹಿಸಿದರೂ ಅವನು ಕದಲಲಿಲ್ಲ. ಕೊನೆಗೆ ಜಯ ತಾಳ್ಮೆಯದೇ ಆಯಿತು. 698ರಲ್ಲಿ ಅವನಿಗೆ ಪೂರ್ವದ ವಿಶಾಲ ಪ್ರಾಂತವಾದ ಖುರಾಸಾನಿನ ಆಡಳಿತ ದೊರೆಯಿತು.

702ರಲ್ಲಿ ಮುಹಲ್ಲಬನು ಮರಣಶಯ್ಯೆಯಲ್ಲಿದ್ದಾಗ ನಡೆದ ಪ್ರಸಂಗವನ್ನು ಚರಿತ್ರಕಾರ ತಬರಿ ದಾಖಲಿಸಿದ್ದಾನೆ. ಅವನು ಬಾಣಗಳನ್ನು ತರಿಸಿ ಒಂದು ಕಟ್ಟಾಗಿ ಕಟ್ಟಿಸಿದನು. ಈ ಕಟ್ಟನ್ನು ಮುರಿಯಬಲ್ಲಿರಾ ಎಂದು ಮಕ್ಕಳನ್ನು ಕೇಳಿದನು. ಸಾಧ್ಯವಿಲ್ಲವೆಂದರು. ಬಿಡಿಬಿಡಿಯಾಗಿಯಾದರೆ? ಮುರಿಯಬಹುದೆಂದರು. ಒಗ್ಗಟ್ಟೆಂಬುದು ಇದೇ ಎಂದು ತಿಳಿಸಿ ತಂದೆ ಕಣ್ಮುಚ್ಚಿದನು.

ಅಧಿಕಾರ ಮಗ ಯಜೀದನಿಗೆ ಬಂದಿತು. ಅವನು ಧೀರ, ಉದಾರಿ. ಆದರೆ ಹೊಗಳಿಕೆಗೆ ಸೋಲುವವನು. ಈ ಮನೆತನದ ಏಳಿಗೆಯನ್ನು ಸಹಿಸದ ಹಜ್ಜಾಜನು 704ರಲ್ಲಿ ಅವನನ್ನು ಪದಚ್ಯುತಗೊಳಿಸಿ, ತರುವಾಯ ಸೆರೆಯಲ್ಲಿಟ್ಟು ಹಿಂಸಿಸಿದನು. ಯಜೀದನು ಒಂದು ದಿನ ಕಾವಲುಗಾರರಿಗೆ ಔತಣ ಮಾಡಿಸಿ, ಅಡುಗೆಯವನ ಉಡುಪು ತೊಟ್ಟು, ಬಿಳಿಯ ಗಡ್ಡ ಅಂಟಿಸಿಕೊಂಡು ಸೆರೆಮನೆಯಿಂದ ಪಾರಾದನು. ಖಲೀಫನ ತಮ್ಮನಾದ ಸುಲೈಮಾನನು ಪ್ಯಾಲೆಸ್ಟೈನಿನ ರಮ್ಲಾದಲ್ಲಿ ಅವನಿಗೆ ಆಶ್ರಯ ಕೊಟ್ಟನು. 715ರಲ್ಲಿ ಸುಲೈಮಾನನೇ ಖಲೀಫನಾದಾಗ ಯಜೀದನ ಭಾಗ್ಯದ ಬಾಗಿಲು ಮತ್ತೆ ತೆರೆಯಿತು.

ಆದರೆ ಆ ಭಾಗ್ಯದಲ್ಲಿಯೇ ಕೇಡಿನ ಬೀಜವಿತ್ತು. ಅಧಿಕಾರ ಮರಳಿದೊಡನೆ ಯಜೀದನು ಹಜ್ಜಾಜನ ಬಂಧುಗಳನ್ನು ಹಿಂಸಿಸಿ ಸೇಡು ತೀರಿಸಿಕೊಂಡನು. ಕ್ಯಾಸ್ಪಿಯನ್ ಸಮುದ್ರದ ಬಳಿಯ ಜುರ್ಜಾನನ್ನು ಗೆದ್ದಾಗ ಅಲ್ಲಿಯ ಜನರನ್ನು ನಿರ್ದಯೆಯಿಂದ ಕೊಲ್ಲಿಸಿದನು. ಅನಂತರ ಗೆಲುವಿನ ಉಬ್ಬಿನಲ್ಲಿ ಖಲೀಫನಿಗೆ ಓಲೆ ಬರೆಯಿಸತೊಡಗಿದನು. ಬೊಕ್ಕಸಕ್ಕೆ ಸಲ್ಲಬೇಕಾದ ಐದನೆಯ ಒಂದು ಪಾಲು ಲಕ್ಷಗಟ್ಟಲೆ ದಿರ್ಹಮುಗಳಾಗುತ್ತದೆಂದು ಅದರಲ್ಲಿ ಸೇರಿಸಬೇಕೆಂದನು. ಮೊತ್ತವನ್ನು ಬರೆಯಬೇಡಿ, ಬರೆದ ಅಂಕಿ ನಿಮ್ಮ ಹೆಸರಿನಲ್ಲಿ ಎಂದೆಂದಿಗೂ ನಿಲ್ಲುತ್ತದೆ ಎಂದು ಕರಣಿಕನು ಎಚ್ಚರಿಸಿದನು. ಯಜೀದನು ಕೇಳಲಿಲ್ಲ.

ಸುಲೈಮಾನನು 717ರಲ್ಲಿ ತೀರಿಕೊಂಡನು. ಹೊಸ ಖಲೀಫ ಎರಡನೆಯ ಉಮರ್ ನ್ಯಾಯನಿಷ್ಠನು. ಅವನು ಆ ಓಲೆಯನ್ನು ಮುಂದಿಟ್ಟು, ಹಣವೆಲ್ಲಿ ಎಂದು ಕೇಳಿದನು. ಜನರ ಕಿವಿಗೆ ಬೀಳಲೆಂದು ಬರೆದೆ, ಸುಲೈಮಾನನು ಇದನ್ನು ಕೇಳುತ್ತಿರಲಿಲ್ಲ ಎಂದು ಯಜೀದನು ಉತ್ತರಿಸಿದನು. ಅದು ಜನರ ಸ್ವತ್ತು, ಬಿಟ್ಟುಕೊಡಲು ತನಗೆ ಅಧಿಕಾರವಿಲ್ಲವೆಂದು ಉಮರನು ಅವನನ್ನು ಸೆರೆಗೆ ಹಾಕಿದನು. ಮೆರೆಯಲೆಂದು ಬರೆಯಿಸಿದ ಅಂಕಿಯೇ ಸಂಕೋಲೆಯಾಯಿತು.

720ರಲ್ಲಿ ಉಮರನು ಸಾವಿನಂಚಿನಲ್ಲಿದ್ದಾಗ ಯಜೀದನು ಸೆರೆಯಿಂದ ತಪ್ಪಿಸಿಕೊಂಡನು. ಮುಂದಿನ ಖಲೀಫನು ಹಜ್ಜಾಜನ ಮನೆಯ ಅಳಿಯ. ಹಳೆಯ ಸೇಡು ಈಗ ತಿರುಗಿ ಬರುವುದು ಖಚಿತವಾಗಿತ್ತು. ಯಜೀದನು ಬಸ್ರಾವನ್ನು ಹಿಡಿದು, ಧರ್ಮದ ಹೆಸರಿನಲ್ಲಿ ಬಂಡಾಯದ ಬಾವುಟವನ್ನೆತ್ತಿದನು. ವಿರಕ್ತ ಪಂಡಿತ ಹಸನ್ ಅಲ್‌-ಬಸ್ರಿ ಇವನ ಜೊತೆ ಸೇರಬೇಡಿರೆಂದು ಜನರಿಗೆ ನಿರ್ಭಯವಾಗಿ ಹೇಳಿದನು. ಸಹೋದರರು ಮಾತ್ರ ಅಣ್ಣನನ್ನು ಅಗಲಲಿಲ್ಲ. ಆಗಸ್ಟ್ ತಿಂಗಳಲ್ಲಿ ಅಕ್ರ್ ಎಂಬಲ್ಲಿ ಸೇನಾನಿ ಮಸ್ಲಮನೊಡನೆ ನಡೆದ ಕದನದಲ್ಲಿ ಯಜೀದನು ಮಡಿದನು. ಉಳಿದವರು ಹೆಂಡಿರು ಮಕ್ಕಳೊಡನೆ ಹಡಗನ್ನೇರಿ, ಕಿರ್ಮಾನಿನ ಮಾರ್ಗವಾಗಿ ಸಿಂಧ್ ಗಡಿಯ ಕಂದಾಬೀಲ್ ಕೋಟೆಯನ್ನು ಸೇರಲು ಹೊರಟರು. ಆ ಸ್ಥಳ ಇಂದಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿದೆ. ಆಪತ್ಕಾಲಕ್ಕೆಂದು ಯಜೀದನು ಅಲ್ಲಿ ನೇಮಿಸಿದ್ದ ಸ್ವಜನನೇ ಅವರ ಕೈಬಿಟ್ಟನು. ಸಹೋದರರು ಕತ್ತಿ ಹಿಡಿದು ಹೋರಾಡುತ್ತ ಅಲ್ಲಿಯೇ ಬಿದ್ದರು.

ಸೆರೆಸಿಕ್ಕ ಹೆಂಗಸರನ್ನೂ ಮಕ್ಕಳನ್ನೂ ಮಾರುವೆನೆಂದು ಮಸ್ಲಮನು ಆಣೆಯಿಟ್ಟಿದ್ದನು. ಆಗ ಜರ್ರಾಹ್ ಬಿನ್ ಅಬ್ದುಲ್ಲಾ ಎಂಬ ಸೇನಾನಿ ಮುಂದೆ ಬಂದು, ನಿಮ್ಮ ಆಣೆ ಸಲ್ಲುವಂತೆ ನಾನೇ ಅವರನ್ನು ಕೊಳ್ಳುವೆನೆಂದು 1 ಲಕ್ಷಕ್ಕೆ ಮಾತು ಮುಗಿಸಿದನು. ಮಸ್ಲಮನ ಮನಸ್ಸೂ ಕರಗಿತು. ಅವನು ಹಣವನ್ನು ಪಡೆಯದೆ ಅವರನ್ನು ಬಿಟ್ಟುಬಿಟ್ಟನು. ಒಂಬತ್ತು ಮಂದಿ ತರುಣರು ಮಾತ್ರ ಖಲೀಫನ ಬಳಿಗೆ ಕಳುಹಿಸಲ್ಪಟ್ಟು ಕೊಲೆಯಾದರು.

750ರಲ್ಲಿ ಅಬ್ಬಾಸಿ ವಂಶ ಅಧಿಕಾರಕ್ಕೆ ಬಂದಿತು. ಮುಹಲ್ಲಬನ ಕುಲಕ್ಕೆ ಮತ್ತೆ ಒಳ್ಳೆಯ ದಿನಗಳು ಬಂದವು. ಸಾವಿರಾಳಿಗೆ ಸಮನೆಂಬ ಅರ್ಥದ ‘ಹಜಾರ್‌ಮರ್ದ್’ ಬಿರುದಿನ ಉಮರ್ ಬಿನ್ ಹಫ್ಸನು ಸಿಂಧ್ ಪ್ರಾಂತವನ್ನೂ ಅನಂತರ ಉತ್ತರ ಆಫ್ರಿಕವನ್ನೂ ಆಳಿದನು. ಯಜೀದ್ ಬಿನ್ ಹಾತಿಮನು ಇಂದಿನ ಟುನೀಸಿಯದ ಕೈರವಾನಿನಲ್ಲಿ ಮಹಾಮಸೀದಿಯನ್ನು ಪುನಃ ಕಟ್ಟಿಸಿದನು. ಹತ್ತನೆಯ ಶತಮಾನದಲ್ಲಿ ಇದೇ ಕುಲದ ಹಸನ್ ಅಲ್‌-ಮುಹಲ್ಲಬಿ ಬಾಗ್ದಾದಿನಲ್ಲಿ ಮಂತ್ರಿಯಾಗಿ ಕವಿಪಂಡಿತರಿಗೆ ಆಶ್ರಯದಾತನಾದನು.

ತಂದೆ ತೋರಿಸಿದ ಬಾಣಗಳ ಕಟ್ಟನ್ನು ಮಕ್ಕಳು ಮರೆಯಲಿಲ್ಲ. ಕಡೆಯವರೆಗೂ ಒಂದಾಗಿಯೇ ಇದ್ದರು. ಆದರೆ ತಂದೆಯ ತಾಳ್ಮೆಯನ್ನು ಮರೆತ ಒಬ್ಬನ ಹಿಂದೆ ಒಂದಾಗಿ ನಡೆದುದರಿಂದ ಒಟ್ಟಿಗೇ ನಾಶವಾದರು. ಒಗ್ಗಟ್ಟು ದೊಡ್ಡ ಬಲ. ಅದಕ್ಕೆ ನ್ಯಾಯವು ದಾರಿ ತೋರಬೇಕು. ರಕ್ತಸಂಬಂಧಿಗಳ ಕತ್ತಿಗಳು ಉಳಿಸಲಾರದ ಮಕ್ಕಳನ್ನು ಬೇರೆ ಕುಲದವನೊಬ್ಬನ ಕರುಣೆ ಉಳಿಸಿತು. ಆ ಮನೆತನ ಮತ್ತೆ ತಲೆಯೆತ್ತಲು ಅದೂ ಒಂದು ಕಾರಣವಾಯಿತು.

ಅಭ್ಯಾಸ

1. ಮುಹಲ್ಲಬನು ಶತ್ರುಗಳಿಂದ ಕಲಿತುದು ಏನು?
2. ‘ಮೆರೆಯಲೆಂದು ಬರೆಯಿಸಿದ ಅಂಕಿಯೇ ಸಂಕೋಲೆಯಾಯಿತು’ – ಈ ಮಾತನ್ನು ಸಂದರ್ಭಸಹಿತ ವಿವರಿಸಿ.
3. ಜರ್ರಾಹನು ಮಸ್ಲಮನ ಆಣೆಯನ್ನೂ ಮಕ್ಕಳ ಬಿಡುಗಡೆಯನ್ನೂ ಒಟ್ಟಿಗೆ ಸಾಧಿಸಿದುದು ಹೇಗೆ?
4. ಒಗ್ಗಟ್ಟಿಗೆ ನ್ಯಾಯದ ಮಾರ್ಗದರ್ಶನ ಏಕೆ ಬೇಕು? ಪಾಠದ ಆಧಾರದಿಂದ ಚರ್ಚಿಸಿ.