ಸಮುದ್ರ ಹೋಗಿ ಬೆಟ್ಟ ಬಂತು

ಸಾಲಿಗ್ರಾಮ ಗೊತ್ತಲ್ಲ? ಕೆಲವರ ದೇವರ ಮನೆಯಲ್ಲಿ ಇರುತ್ತದೆ. ಕರಿ ಬಣ್ಣದ ನುಣುಪು ಕಲ್ಲು. ಅದರಲ್ಲಿ ಚಕ್ರದ ಗುರುತು ಇರುತ್ತದೆ. ಭಕ್ತರು ಅದನ್ನು ವಿಷ್ಣುವಿನ ಚಕ್ರ ಅಂತ ಪೂಜಿಸುತ್ತಾರೆ. ಈ ಕಲ್ಲು ಸಿಗುವುದು ನೇಪಾಳದ ಗಂಡಕಿ ನದಿಯಲ್ಲಿ.

ವಿಜ್ಞಾನಿಗಳು ಈ ಚಕ್ರವನ್ನು ಪರೀಕ್ಷೆ ಮಾಡಿದ್ದಾರೆ. ಅದು ಒಂದು ಪ್ರಾಣಿಯ ಚಿಪ್ಪಿನ ಅಚ್ಚು. ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದೆ. ಆ ಪ್ರಾಣಿಯ ಹೆಸರು ಅಮೊನೈಟ್. ಸುಮಾರು 15 ಕೋಟಿ ವರ್ಷಗಳ ಹಿಂದೆ ಅದು ಸಮುದ್ರದಲ್ಲಿ ಬದುಕಿತ್ತು. ಈಗ ಆ ಜಾತಿಯೇ ಇಲ್ಲ.

ನೇಪಾಳಕ್ಕೆ ಸಮುದ್ರವೇ ಇಲ್ಲವಲ್ಲ! ಸಮುದ್ರದ ಪ್ರಾಣಿ ಹಿಮಾಲಯ ಹತ್ತಿದ್ದು ಹೇಗೆ?

ಪ್ರಾಣಿ ಹತ್ತಲಿಲ್ಲ. ಸಮುದ್ರದ ತಳವೇ ಮೇಲೆದ್ದು ಬೆಟ್ಟವಾಯಿತು.

ಆ ಕಾಲದಲ್ಲಿ ನಮ್ಮ ಭಾರತದ ನೆಲ ಈಗಿನ ಜಾಗದಲ್ಲಿ ಇರಲಿಲ್ಲ. ದೂರ ದಕ್ಷಿಣದಲ್ಲಿ ಇತ್ತು. ನಮಗೂ ಏಷ್ಯಾಕ್ಕೂ ನಡುವೆ ದೊಡ್ಡ ಸಮುದ್ರವಿತ್ತು. ವಿಜ್ಞಾನಿಗಳು ಅದಕ್ಕೆ ಟೆಥಿಸ್ ಎಂದು ಹೆಸರಿಟ್ಟಿದ್ದಾರೆ. ನದಿಗಳು ತಂದ ಕೆಸರು ಅದರ ತಳದಲ್ಲಿ ಕೂತಿತು. ಸತ್ತ ಪ್ರಾಣಿಗಳ ಚಿಪ್ಪು ಆ ಕೆಸರಲ್ಲಿ ಹೂತುಹೋಯಿತು. ಪದರದ ಮೇಲೆ ಪದರ ಬಿತ್ತು. ಭಾರಕ್ಕೆ ಕೆಸರು ಕಲ್ಲಾಯಿತು.

ಭೂಮಿಯ ಮೇಲಿನ ಸಿಪ್ಪೆ ಒಂದೇ ತುಂಡಲ್ಲ. ಒಡೆದ ಹಂಚಿನ ಹಾಗೆ ಹಲವು ತುಂಡುಗಳಿವೆ. ಅವಕ್ಕೆ ಫಲಕಗಳು ಎನ್ನುತ್ತಾರೆ. ಕೆಳಗೆ ಬಹಳ ಬಿಸಿ ಇದೆ. ಹಾಲು ಕಾಯುವಾಗ ಕೆನೆ ಸರಿದಾಡುತ್ತೆ ನೋಡಿ, ಹಾಗೆ ಈ ಫಲಕಗಳೂ ಸರಿಯುತ್ತವೆ. ಆದರೆ ನಮ್ಮ ಕಣ್ಣಿಗೆ ಕಾಣದಷ್ಟು ನಿಧಾನ.

ಭಾರತದ ಫಲಕ ಉತ್ತರಕ್ಕೆ ಹೊರಟಿತು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದೂ ಈ ಪಯಣದಲ್ಲಿ ಕೂತೇ ಬಂದಿದೆ! ಮುಂದಿದ್ದ ಸಮುದ್ರದ ತಳದ ಕಲ್ಲು ಭಾರವಾಗಿತ್ತು. ಅದು ಏಷ್ಯಾದ ಅಂಚಿನ ಕೆಳಗೆ ಜಾರಿ ಮುಳುಗಿತು. ಸಮುದ್ರ ಕಿರಿದಾಗುತ್ತಾ ಬಂತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಎರಡೂ ನೆಲಗಳು ಡಿಕ್ಕಿ ಹೊಡೆದವು.

ಒಂದು ಹಳೇ ಸೀರೆಯನ್ನು ನೆಲಕ್ಕೆ ಹಾಸಿ. ಒಂದು ತುದಿಯನ್ನು ಒಬ್ಬರು ಒತ್ತಿ ಹಿಡಿಯಲಿ. ಇನ್ನೊಂದು ತುದಿಯಿಂದ ನೀವು ತಳ್ಳಿ. ಸೀರೆ ಮಡಿಕೆ ಮಡಿಕೆಯಾಗಿ ಮೇಲೇಳುತ್ತೆ. ಹಿಮಾಲಯ ಎದ್ದದ್ದು ಹೀಗೆ. ಎವರೆಸ್ಟ್ ಶಿಖರದ ತುದಿಯಲ್ಲಿ ಇರುವುದೂ ಸಮುದ್ರದಲ್ಲಿ ಆದ ಸುಣ್ಣದ ಕಲ್ಲೇ.

ಈ ತಳ್ಳಾಟ ಇನ್ನೂ ನಿಂತಿಲ್ಲ. ಭಾರತ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಲೇ ಇದೆ. ಕೈಯ ಉಗುರು ವರ್ಷಕ್ಕೆ ಬೆಳೆಯುವುದಕ್ಕಿಂತ ತುಸು ಹೆಚ್ಚು, ಅಷ್ಟೇ. ಹಿಮಾಲಯದ ಅಡಿಯಲ್ಲಿ ಕಲ್ಲಿಗೆ ಕಲ್ಲು ಸಿಕ್ಕಿಕೊಳ್ಳುತ್ತದೆ. ಒತ್ತಡ ನೂರಾರು ವರ್ಷ ಕೂಡುತ್ತದೆ. ಒಂದು ದಿನ ಕಲ್ಲು ತಟ್ಟನೆ ಜಾರುತ್ತದೆ. ಆಗ ನೆಲ ನಡುಗುತ್ತದೆ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಹಾಗೇ ಆಯಿತು. ಸುಮಾರು 9,000 ಜನ ಸತ್ತರು. ಬಹಳ ಮಂದಿ ಸತ್ತದ್ದು ಮನೆ ಕುಸಿದು. ಕಲ್ಲು ಮತ್ತು ಮಣ್ಣಿನ ಗೋಡೆಗಳು ನಡುಕ ತಡೆಯಲಿಲ್ಲ.

ಹಿಮಾಲಯ ನಮಗೆ ದೂರ, ನಮಗೇನು ಅನ್ನಬಹುದು. ಆದರೆ ಆ ಒತ್ತಡ ದಕ್ಷಿಣದ ನೆಲಕ್ಕೂ ತಟ್ಟುತ್ತದೆ. 1993ರ ಸೆಪ್ಟೆಂಬರ್ 30ರಂದು ನಮ್ಮ ಬೀದರ್ ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ ಆಯಿತು. ಬೆಳಗಿನ ಜಾವ, ಜನ ಮಲಗಿದ್ದರು. ಅಲ್ಲೂ ದಪ್ಪ ಕಲ್ಲಿನ ಗೋಡೆ, ಭಾರವಾದ ಮಣ್ಣಿನ ಮಾಳಿಗೆ. ಸಾವಿರಾರು ಜನ ಅದರಡಿ ಹೋದರು.

ಕಲ್ಲಿನ ಮನೆಯನ್ನೂ ಗಟ್ಟಿ ಮಾಡಬಹುದು. ಗೋಡೆಯ ಒಳಗಿನಿಂದ ಹೊರಗಿನ ತನಕ ಮುಟ್ಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಡಬೇಕು. ಬಾಗಿಲ ಮೇಲಿನ ಮಟ್ಟದಲ್ಲಿ ನಾಲ್ಕೂ ಗೋಡೆಗಳಿಗೆ ಒಂದೇ ಪಟ್ಟಿ ಸುತ್ತಿಸಬೇಕು. ಕಬ್ಬಿಣದ ಸರಳು ಹಾಕಿದ ಸಿಮೆಂಟಿನ ಪಟ್ಟಿ ಆಗಬಹುದು, ಮರದ್ದೂ ಆಗಬಹುದು. ಲಂಗದ ಲಾಡಿಯ ಹಾಗೆ ಅದು ಗೋಡೆಗಳನ್ನು ಬಿಗಿದು ಹಿಡಿಯುತ್ತದೆ. ನೇಪಾಳದಲ್ಲಿ ಮನೆಗಳನ್ನು ಮತ್ತೆ ಕಟ್ಟುವಾಗ ಹೀಗೆ ಪಟ್ಟಿ ಹಾಕಿದರು. ಅಲ್ಲಿ ಎಷ್ಟೋ ಗಂಡಸರು ದುಡಿಯಲು ಪರದೇಶಕ್ಕೆ ಹೋಗಿದ್ದರು. ಹಾಗಾಗಿ ಹಲವು ಹಳ್ಳಿಗಳಲ್ಲಿ ಹೆಂಗಸರೇ ಗಾರೆ ಕೆಲಸ ಕಲಿತು ಗೋಡೆ ಎಬ್ಬಿಸಿದರು.